ತೊಟ್ಟಿಲ ಮೆಸೇಜು

ಮೊದಲು ಆರ್ಡರು ತರುವವನು ನಾನೇ.
ಸೈಕಲ್ಲಿನ ಕ್ಯಾರಿಯರಿಗೆ ಲಗ್ನಪತ್ರಿಕೆಯ ಆಲ್ಬಮ್ಮು ಬಿಗಿದು
ಬ್ರೂಸ್‌ಪೇಟೆಯಿಂದ ಕೌಲ್‌ಬಜಾರಿನ ತನಕ.
ರೈಲ್ವೆ ಗೇಟು ಬಿದ್ದರೆ ಅಲ್ಲೇ ಆಲ್ಬಮ್ಮು ಬಿಚ್ಚಿ
ಪಕ್ಕದ ಲೂನಾದವನಿಗೂ ನಾಲ್ಕು ಕಾರ್ಡು ತೋರಿಸಿ.

ಯಾರ ಮನೆಗೆ ಸುಣ್ಣ ಬಳಿಯುತ್ತಿದ್ದಾರೆ,
ಯಾರ ಬಿಲ್ ಬುಕ್ಕಿನಲ್ಲಿ ಕೊನೆಯ ಹಳದಿ ಹಾಳೆ ಉಳಿದಿದೆ,
ಯಾವ ಜೀನ್ಸ್ ಯೂನಿಟ್ಟಿನವನು ಅಣ್ಣನಿಂದ ಬೇರೆಯಾಗಿ
ಲೇಬಲ್ಲಿಗೆ ಹೊಸ ಹೆಸರು ಹುಡುಕುತ್ತಿದ್ದಾನೆ
ಅರ್ಧ ನನ್ನ ಉದ್ದ ನೋಟುಬುಕ್ಕಿನಲ್ಲಿತ್ತು,
ಅರ್ಧ ಚಹಾದಂಗಡಿಯಲ್ಲಿ.

ಆ ನೋಟುಬುಕ್ಕನ್ನು ಮಾಲೀಕರ ಮಗಳು ವಿಶಾಲಾಕ್ಷಿ
ಮೂರು ಮಧ್ಯಾಹ್ನ ಕೂತು ಕಂಪ್ಯೂಟರಿಗೆ ಇಳಿಸಿದಳು.
"ಗಾದಿಲಿಂಗಣ್ಣ, ಈ ಹೆಸರಿನ ಮುಂದ ಯಾಕ ಬೇವಿನೆಲೆ?"
"ರೊಕ್ಕ ಕೊಡ್ತಾರವ್ವ, ಸತಾಯಿಸಿ ಕೊಡ್ತಾರ."
"ಇಲ್ಲಿ ಬೆಲ್ಲದ ಅಚ್ಚು?"
"ಅಲ್ಲಿ ಚಹಾ ಸಿಗ್ತೈತಿ. ಆರ್ಡರ್ ಸಿಗಲ್ಲ."
ನಕ್ಕಳು. ಬೇವಿಗೂ ಬೆಲ್ಲಕ್ಕೂ
ಅಲ್ಲಿ ಕಾಲಮ್ಮಿರಲಿಲ್ಲ.

ಆಮೇಲೆ ಅದು ತಾನೇ ದುಡಿಯತೊಡಗಿತು.
ಹಸಿವಿಲ್ಲ, ಬಳ್ಳಾರಿಯ ಬಿಸಿಲಿಲ್ಲ,
ಬಾಗಿಲಲ್ಲಿ ಚಪ್ಪಲಿ ಬಿಡುವಾಗಿನ ಸಂಕೋಚವಿಲ್ಲ.
ತೊಂಬತ್ತು ದಿನಕ್ಕೆ ಬಿಲ್ ಬುಕ್ಕು ತೀರುತ್ತದೆಂದರೆ
ಎಂಬತ್ತಕ್ಕೇ ನಮಸ್ಕಾರ ಸಾರ್ ಅನ್ನುತ್ತದೆ.
ರೇಟು ಕೇಳಿ ಸುಮ್ಮನಾದವನಿಗೆ
ಮೂರನೇ ದಿನ ಒಂದು ನೆನಪು, ಹದಿಮೂರಕ್ಕೆ ಇನ್ನೊಂದು.
"ಮೂರು, ಹದಿಮೂರು ಬ್ಯಾಡವ್ವ, ಅದು ಮಣ್ಣಿನ ಲೆಕ್ಕ" ಅಂದೆ.
ನಾಲ್ಕು, ಹದಿನಾಲ್ಕು ಮಾಡಿದಳು.
ಅಷ್ಟು ನನ್ನ ಮಾತು ಅದರೊಳಗಿದೆ.

ಲಗ್ನಪತ್ರಿಕೆ ಮಾಡಿಸಿದವರಿಗೆಲ್ಲ
ಒಂಬತ್ತು ತಿಂಗಳು ತುಂಬುತ್ತಲೇ ತೊಟ್ಟಿಲ ಚಿತ್ರ,
ಕೆಳಗೆ ಹತ್ತು ಪರ್ಸೆಂಟ್ ರಿಯಾಯಿತಿ.

ಹುಲಿಗೆಮ್ಮ ಬಂದಳು ಮಿಲ್ಲರ್‌ಪೇಟೆಯಿಂದ,
ಕರೆಂಟು ಹೋಗಿ ಪ್ರೆಸ್ಸು ಬಾಯಿ ಮುಚ್ಚಿದ ಹೊತ್ತಿಗೆ.
ಬೆರಳು ನೀಲಿ. ಜೀನ್ಸು ಹೊಲಿಯುವವರ ಬೆರಳು,
ಎಷ್ಟು ತಿಕ್ಕಿದರೂ ಹಬ್ಬಕ್ಕೂ ನೀಲಿಯೇ.
ಮೊಬೈಲು ಕೌಂಟರಿನ ಮೇಲೆ ಕುಕ್ಕಿ,
"ಯಾರ್ರೀ ಇದನ್ನ ಕಳ್ಸೋರು?
ನಮ್ಮತ್ತಿ ತಿಂಗ್ಳಿಗೊಮ್ಮೆ ಕೇಳ್ತಿದ್ಲು.
ಇದು ಮೂರು ದಿನಕ್ಕೊಮ್ಮೆ ಕೇಳ್ತೈತಿ!"

ಅವಳ ಪತ್ರಿಕೆಯ ಪ್ರೂಫು ತಿದ್ದಿದವನು ನಾನು.
ವರನ ಹೆಸರಿಗೆ ಬಿಟ್ಟುಹೋಗಿದ್ದ ಒತ್ತು ಹಚ್ಚಿದ್ದೆ.
ಆ ಮನೆ ಬಿಟ್ಟು ಆರು ತಿಂಗಳಂತೆ.
ಅದನ್ನು ಅವಳು ಉದ್ದ ಮಾಡಲಿಲ್ಲ.
"ಕೇಳೋದಾದ್ರ ಹೊಲಿಗಿ ಮಿಷನ್ ತಗಂಡ್ಯಾ ಅಂತ ಕೇಳ್ರಿ.
ಎರಡು ತಗಂಡೀನಿ."

ಗಾಜಿನ ಕೆಳಗಿನ ಲೇಬಲ್ಲುಗಳ ಮೇಲೆ
ಆ ಬೆರಳು ಒಂದೊಂದಾಗಿ ನಡೆಯಿತು.
"ಹೆಸರೇನು ಹಾಕಲಿ?"
ಫ್ಯಾನಿಲ್ಲ. ಸೆರಗಿನಿಂದ ಗಾಳಿ ಬೀಸಿಕೊಂಡಳು.
"ನಂದೇ ಹಾಕ್ರಿ. ಹುಲಿ ಚಿತ್ರ ಮಾತ್ರ ಬ್ಯಾಡ,
ಎಲ್ಲಾರೂ ಹಾಕ್ತಾರ."
ಎರಡು ಸಾವಿರ ಲೇಬಲ್ಲು. ಐದುನೂರು ಅಡ್ವಾನ್ಸು.

ಕರೆಂಟು ಬಂದಾಗ ತೆರೆಯ ಮೇಲೆ ಹಸಿರು ಗುರುತು:
ಆರ್ಡರು ಬಂದ ದಾರಿ, ತೊಟ್ಟಿಲ ಮೆಸೇಜು, ನಾಲ್ಕನೇ ಸಲ. ಯಶಸ್ವಿ.
ವಿಶಾಲಾಕ್ಷಿ ನನ್ನ ಮುಖ ನೋಡಿದಳು.
ಸುಳ್ಳು ಅನ್ನಲಾರದೆ ಹೋದೆ.
ಬಯ್ಯಲಿಕ್ಕಾದರೂ ಬಂದಳಲ್ಲ.
ನಾನಾಗಿದ್ದರೆ ಸುದ್ದಿ ಮೊದಲೇ ಕಿವಿಗೆ ಬಿದ್ದು
ಆ ಓಣಿಯನ್ನೇ ಬಿಟ್ಟು ಸುತ್ತಿ ಹೋಗುತ್ತಿದ್ದೆ,
ಮರ್ಯಾದೆ ಅಂದುಕೊಂಡು.

ತೊಟ್ಟಿಲು ನಿಲ್ಲಿಸು ಅಂದೆ. ಕಾರಣ ಕೇಳಿತು ಅದು:
ನಂಬರು ತಪ್ಪು, ಗ್ರಾಹಕರು ತೀರಿಕೊಂಡರು, ಆಸಕ್ತಿ ಇಲ್ಲ, ಇತರೆ.
ಇತರೆ ಒತ್ತಿಸಿದೆ.

ನಲವತ್ತನೇ ದಿನ ಲೇಬಲ್ಲು ತೀರುತ್ತವೆ,
ಆವತ್ತು ಮೆಸೇಜು ಹೋಗುತ್ತದೆ ಎಂದು ಬರೆದುಕೊಂಡಿತು.

ಸಂಜೆ ಸೈಕಲ್ಲಿಗೆ ಗಾಳಿ ಹೊಡೆಸಿದೆ.
ಮೂವತ್ತೆಂಟಕ್ಕೆ ಹೋಗಬೇಕು.