ವಾಟ

ಅಜ್ಮಾನಿನ ಆ ಕೇಂದ್ರದಲ್ಲಿ ಕುರ್ಚಿಗಳಿಗೂ ಬಣ್ಣ:
ಹಸಿರು, ಹಳದಿ, ಕೆಂಪು.
ತಮೀಮ್ ಕೆಂಪಿನಲ್ಲಿ ಕೂತ, ಬಣ್ಣ ನೋಡಿ ಅಲ್ಲ,
ಎ.ಸಿ. ಗಾಳಿ ನೇರ ಬೀಳುವುದು ಅಲ್ಲಿ.

ಒಂದು ಗಂಟೆ ಹತ್ತು ನಿಮಿಷ.
ಮಣಿ ಕೊಟ್ಟರು, ಪೋಣಿಸಲಿಲ್ಲ.
ಹೆಸರು ಕೂಗಿದರು, ತಿರುಗಲಿಲ್ಲ.
(ಕೂಗಿದ್ದು 'ಟಮೀಮ್' ಎಂದು. ನಾನಾದರೂ ತಿರುಗುತ್ತಿರಲಿಲ್ಲ.)
ಕಾಗದದಲ್ಲಿ ಬಂತು: ಮೂರನೇ ಮಟ್ಟ.

ಅದೇ ಮೇಜಿನೆದುರು, ಆರು ತಿಂಗಳ ನಂತರ, ನಾನು.
ಇಪ್ಪತ್ತೊಂಬತ್ತು ವರ್ಷ, ಶಿಪ್ಪಿಂಗ್ ಕಂಪನಿಯಲ್ಲಿ ಲೆಕ್ಕದ ಕೆಲಸ,
ಎದುರಿನವರ ಹುಬ್ಬುಗಳ ನಡುವೆ ದೃಷ್ಟಿ ನೆಟ್ಟು
ಕಣ್ಣಿಗೆ ಕಣ್ಣು ಕೊಟ್ಟಂತೆ ನಟಿಸಲು ಕಲಿತವಳು.
ಒಂದನೇ ಮಟ್ಟ. ಡಾಕ್ಟರು ಕೈ ಕುಲುಕಿದರು,
ಪರೀಕ್ಷೆ ಪಾಸಾದವಳಿಗೆ ಕುಲುಕುವ ಹಾಗೆ.
"ನಿಮ್ಮನ್ನು ನೋಡಿದರೆ ಗೊತ್ತೇ ಆಗುವುದಿಲ್ಲ."

ಗೊತ್ತಾಗಬಾರದೆಂದೇ ಅಲ್ಲವೆ ಮೇಡಂ,
ನಾನು ದಿನಕ್ಕೆ ಒಂಬತ್ತು ತಾಸು ದುಡಿಯುವುದು.
ಲೆಕ್ಕ ಬರೆಯುವುದು ಅದರ ನಡುವಿನ ವಿರಾಮ.

ತಿಂಗಳ ಕೊನೆಯ ಸಂಜೆ.
ಬಸ್ಸಿನಲ್ಲಿ ಯಾರದೋ ಅತ್ತರು, ಯಾರದೋ ಮೊಬೈಲಿನ ನಗು,
ಲಿಫ್ಟಿನ ಬಳಿ ನಾತೂರನ ಸಲಾಮಿಗೆ ಮರುಮಾತು ಹುಡುಕಿ
ಹೊಸ್ತಿಲು ದಾಟುವಷ್ಟರಲ್ಲಿ ನಾಲಿಗೆ ಖಾಲಿ.
ಬಚ್ಚಲ ನೆಲಕ್ಕೆ ಕೆನ್ನೆ ಕೊಟ್ಟು ಮಲಗಿದೆ.
ಉಮ್ಮ ಹೊರಗಿನಿಂದ ಕರೆದರು, ಕೇಳಿಸಿತು,
'ಹೂಂ' ಎನ್ನುವ ಒಂದಕ್ಷರ ಗಂಟಲು ಹತ್ತಲಿಲ್ಲ.
ಆಗ ನನ್ನದು ಎಷ್ಟನೇ ಮಟ್ಟ?

ತಮೀಮ್ ಬಂದ. ಬಾಗಿಲು ಬಡಿಯಲಿಲ್ಲ.
ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚು ಆರಿಸಿ ಹೋದ.
ಉಳಿದವರಿಗೆ ಅದು ಫ್ಯಾನು,
ನಮ್ಮಿಬ್ಬರಿಗೆ ಹಲ್ಲಿನೊಳಗೆ ತಿರುಗುವ ತಂತಿ.

ಇಲ್ಲಿಗೇ ನಿಲ್ಲಿಸಿದರೆ ಚೆಂದವಿತ್ತು.
ಆದರೆ ಅದೇ ತಮೀಮ್ ಹೋದ ಜುಲೈಯಲ್ಲಿ
ಬಕಾಲದ ಬಾಗಿಲಲ್ಲಿ ನನ್ನ ಕೈ ಕೊಡವಿ
ಕುದಿವ ಡಾಂಬರಿನ ಮೇಲೆ ಬರಿಗಾಲಲ್ಲಿ
ಟ್ರಕ್ಕುಗಳ ನಡುವೆ ಓಡಿದ.
ಪಾದದ ಬೊಬ್ಬೆಗಳಿಗೆ ಮುಲಾಮು ಹಚ್ಚುತ್ತ
ಮಟ್ಟಗಳೆಲ್ಲ ಸುಳ್ಳು ಎನ್ನಲು ನನಗೆ ಬಾಯಿ ಬರಲಿಲ್ಲ.

ಬಾರ್ಕೂರಿನ ಪ್ರೆಸಿಲ್ಲಾ ಅಕ್ಕ, ಕಾಯುವ ಕೋಣೆಯಲ್ಲಿ:
"ನೀನು ಓದಿದವಳು, ನಿನಗೆ ನಂಬರು ಬೇಡ. ನನಗೆ ಬೇಕು.
ಮೂರು ಅಂತ ಬರೆದರೆ ಶಾಲೆಯಲ್ಲಿ ಮಗಳ ಪಕ್ಕ ಒಬ್ಬರು ಕೂರುತ್ತಾರೆ.
ಎರಡು ಅಂತ ಬರೆದರೆ ನಾನೇ ಕೂರಬೇಕು, ಕೆಲಸ ಬಿಟ್ಟು.
ಕೆಲಸ ಬಿಟ್ಟರೆ ವೀಸಾ ಯಾರು ಕೊಡುತ್ತಾರೆ, ನಿನ್ನ ವಾದವಾ?"
ಉತ್ತರವಿರಲಿಲ್ಲ. ಈಗಲೂ ಇಲ್ಲ.
ಅವಳ ಮಗಳು ನನ್ನ ಬಳೆ ಎಣಿಸುತ್ತಿದ್ದಳು, ತಪ್ಪಿಲ್ಲದೆ.
ತಾಯಿ ಮೆಲ್ಲಗೆ ಅವಳ ಬೆರಳು ಮಡಚಿದಳು,
ಡಾಕ್ಟರ ಬಾಗಿಲು ತೆರೆದಿತ್ತು.

ಬಾಪ ಮೂವತ್ತು ವರ್ಷ ಈ ಊರಿನ ನೆಲಗಳಿಗೆ ಟೈಲ್ಸು ಹಾಕಿದವರು.
ಹಳದಿ ರಸಮಟ್ಟ ಈಗಲೂ ಕದದ ಹಿಂದೆ.
ತಮೀಮ್ ಓರೆ ಮಾಡುತ್ತಾನೆ, ಗುಳ್ಳೆ ಓಡುತ್ತದೆ.
ಮತ್ತೆ ಓರೆ, ಮರಳುತ್ತದೆ. ಅವನಿಗೆ ಸಾಕೆಂಬುದಿಲ್ಲ.
ಎರಡೂ ಕಾಗದ ಓದಿಸಿಕೊಂಡು ಬಾಪ
ಚಾ ಆರುವವರೆಗೆ ಸುಮ್ಮನಿದ್ದರು. ಆಮೇಲೆ:
"ಹಾಲಿಗೆ ಮಟ್ಟ ನೋಡುವುದು ಸರಿ.
ಬಚ್ಚಲಿಗೆ ಯಾರಾದರೂ ಮಟ್ಟ ನೋಡುತ್ತಾರಾ?
ಅಲ್ಲಿ ನೋಡುವುದು ವಾಟ.
ನೀರು ಎಲ್ಲಿ ಕಟ್ಟುತ್ತದೆ, ಎತ್ತ ಹೋಗಬೇಕು.
ಒಂದು ಚೆಂಬು ಸುರಿದು, ಕುಕ್ಕರುಗಾಲಲ್ಲಿ ಕೂತು ಕಾಯಬೇಕು.
ಇವರು ಕಾದರಾ?"

ಒಂದು ಗಂಟೆ ಹತ್ತು ನಿಮಿಷ, ಎಂದೆ.

ರಾತ್ರಿ ಶಮಾಲ್ ಗಾಳಿ. ಕಿಟಕಿಯ ಸಂದಿಯಲ್ಲಿ ಮರಳಿನ ಸಿಳ್ಳು.
ಇಬ್ಬರೂ ಒಟ್ಟಿಗೇ ಕಿವಿ ಮುಚ್ಚಿಕೊಂಡೆವು.
ಬೆಳಿಗ್ಗೆ ಏಳಕ್ಕೆ ನನ್ನ ಬಸ್ಸು, ಏಳೂಕಾಲಿಗೆ ಅವನ ವ್ಯಾನು,
ಮೂರು ಎಂಬ ಅಂಕಿ ಕಳಿಸುವ ವ್ಯಾನು.
ಬಚ್ಚಲಲ್ಲಿ ಯಾರೋ ನಲ್ಲಿ ಸರಿಯಾಗಿ ತಿರುಗಿಸಿಲ್ಲ.
ಯಾರು ಮೊದಲು ಏಳುತ್ತಾರೆಂದು
ಕತ್ತಲಲ್ಲಿ ಇಬ್ಬರೂ ಕಾಯುತ್ತಿದ್ದೇವೆ.