ದಾರ ಕಟ್ಟಿದ ಕಾಯಿ

ಜಯಶೀಲಳ ಬಲಗೈ ಪ್ಲಾಸ್ಟರಿನೊಳಗೆ ಮಲಗಿ
ಇವತ್ತಿಗೆ ಹನ್ನೊಂದು ದಿನ.
ಅಡುಗೆಮನೆ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಅವಳು,
ಒಲೆಯ ಮುಂದೆ ನಾನು:
ಮೂವತ್ತು ವರ್ಷ ಅಚ್ಚಿನಮನೆಯಲ್ಲಿ ಕರಡು ತಿದ್ದಿದವನು,
ಒಂದು ಬದನೆಕಾಯಿಯನ್ನೂ ನೆಟ್ಟಗೆ ಹೆಚ್ಚಿದವನಲ್ಲ.

"ನೀರಿಗೆ ಹೆಚ್ರೀ, ಕಪ್ಪಾಗುತ್ತೆ.
ತೊಟ್ಟು ಪೂರಾ ತೆಗೀಬೇಡಿ, ರುಚಿ ಇರೋದೇ ಅಲ್ಲಿ."
ತೊಟ್ಟಿನ ಮುಳ್ಳು ಬೆರಳಿಗೆ ನೆಟ್ಟಿತು.
"ಪುಸ್ತಕದ ಬದನೆಕಾಯಿಗೆ ಮುಳ್ಳಿರಲ್ಲ, ಅಲ್ವಾ?"
ಬೆರಳು ಚೀಪುತ್ತಾ ನಕ್ಕೆ.

ಇದು ಈರನಗೆರೆ ಬದನೆ.
ಎಳೆಹಸಿರು, ಗೇಣುದ್ದ, ಆಗತಾನೆ ಮಿಂದುಬಂದಂಥ ಮೈ.
ಅವಳ ತಾತ ಬೋರಣ್ಣ ಪಾತಿ ಕಟ್ಟುತ್ತಿದ್ದ ಕಡೆ
ಈಗೊಂದು ಸ್ಕೂಟರ್ ಶೋರೂಮು,
ಅದರ ಪಕ್ಕ ಇನ್ನೊಂದು ಸ್ಕೂಟರ್ ಶೋರೂಮು.
ಉಳಿದದ್ದು ನಮ್ಮ ಹಿತ್ತಲಿನ ಮೂರು ಗಿಡ,
ಬಚ್ಚಲ ನೀರು ಹರಿಯುವ ಮೂಲೆಯಲ್ಲಿ.
ಕಾವೇರಿ ನೀರು ಹಾಕಿದರೆ ಮುನಿಸಿಕೊಳ್ಳುತ್ತವಂತೆ.
ನಾನು ನಂಬಿಲ್ಲ.
ಹಾಕಿ ನೋಡುವ ಧೈರ್ಯವೂ ಇಲ್ಲ.

ಧನಿಯ ಹುರಿದೆ, ಬ್ಯಾಡಗಿ ಹುರಿದೆ,
ಗಸಗಸೆ ಸಿಡಿದು ಅರ್ಧ ನೆಲದ ಪಾಲಾಯಿತು.
"ಚಕ್ಕೆ ಎಷ್ಟು?"
"ಉಗುರಷ್ಟು."
"ಯಾರ ಉಗುರಷ್ಟು?"
"ನಿಮ್ಮ ತಲೆಯಷ್ಟು. ರುಬ್ಬಿ ಸುಮ್ನೆ."
ಮಾಗಿಯ ಸಂಜೆ, ಕಿಟಕಿ ಗಾಜಿನ ತುಂಬಾ ಆವಿ,
ಕುಕ್ಕರಿನಲ್ಲಿ ಅವರೆಕಾಳು ಮುಕ್ಕಾಲು ಬೆಂದ ಸೊಗಡು.
"ನಾಕು ಕಾಯಿ ಎಲ್ಲಿ ಸಾಲುತ್ತೆ, ಇನ್ನೊಂದು ತನ್ನಿ."

ಕತ್ತಲಾಗಿತ್ತು. ಮೊಬೈಲಿನ ಬೆಳಕು.
ಗಿಡದ ಬುಡಕ್ಕೆ ತಾಗಿದಂತೆ ದಪ್ಪಗೆ ಒಂದು,
ಕೊರಳಿಗೆ ಕೆಂಪು ದಾರ.
ಕೋಲಿಗೆ ಬಿಗಿದದ್ದಿರಬೇಕು ಅಂದುಕೊಂಡೆ,
ದಾರ ಹರಿದು ಅಲ್ಲೇ ಎಸೆದೆ.

ಉಣ್ಣುವಾಗ ಮೊದಲ ತುತ್ತಿಗೇ
ಹಲ್ಲಿನಡಿ ಬೀಜ ಕರಕರ. ಹಿಂದೆಯೇ ಸಣ್ಣ ಕಹಿ.
ಎಡಗೈಯಲ್ಲಿ ಮುದ್ದೆ ಮುರಿಯುತ್ತಿದ್ದವಳು ನಿಂತಳು.
ನಾಲಿಗೆಯ ತುದಿಯಿಂದ ಒಂದು ಬೀಜ ತೆಗೆದು
ತಟ್ಟೆಯಂಚಿನಲ್ಲಿಟ್ಟು ನೋಡಿದಳು.
"ದಾರ ಇರ್ಲಿಲ್ವಾ?"
"ಇತ್ತು."

ಅದು ಮುಂದಿನ ವರ್ಷದ ಕಾಯಿ.
ಗಿಡದಲ್ಲೇ ಹಳದಿಯಾಗಿ, ಹಣ್ಣಾಗಿ,
ಬೂದಿಯಲ್ಲಿ ಹೊರಳಿ, ಡಬ್ಬಿ ಸೇರಬೇಕಾದದ್ದು.
ನಾನು ತಿದ್ದಿದ ಪುಸ್ತಕದಲ್ಲಿ ತಪ್ಪು ಉಳಿದರೆ
ಕೊನೆಗೊಂದು ತಪ್ಪು-ಒಪ್ಪು ಪಟ್ಟಿ ಅಂಟಿಸುತ್ತೇವೆ.
ಬೆಂದ ಬೀಜಕ್ಕೆ ಏನು ಅಂಟಿಸಲಿ?

ಅವಳು ಬಯ್ಯಲಿಲ್ಲ.
ಇನ್ನೊಂದು ಸೌಟು ಹಾಕಿಸಿಕೊಂಡಳು.
"ಸಾರು ಚೆನ್ನಾಗಿದೆ ಕಣ್ರೀ" ಅಂದಳು.
ಬಯ್ದಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಬೆಳಿಗ್ಗೆ ಹಿಂದಿನ ಬೀದಿಗೆ ಇಬ್ಬರೂ ಹೋದೆವು,
ಉಳಿದ ಸಾರು ತೂಕುಪಾತ್ರೆಯಲ್ಲಿ.
ಶಮೀಮುನ್ನೀಸಾ ಅವರ ತಾರಸಿ: ಒಣಗುತ್ತಿದ್ದ ಹಪ್ಪಳ,
ಪೇಂಟಿನ ಡಬ್ಬದಲ್ಲಿ ಅದೇ ಎಲೆ, ಅದೇ ಮುಳ್ಳು.
ಮಗಳ ಮದುವೆ ವರ್ಷ ಇವಳೇ ಕೊಟ್ಟ ಎರಡು ಸಸಿಯ ಸಂತಾನ,
ಬೆಳೆಯುತ್ತಿರುವುದು ಅಪ್ಪಟ ಕಾವೇರಿ ನೀರಿನಲ್ಲಿ.
ಜಯಶೀಲ ಬೇರೆ ಕಡೆ ನೋಡಿದಳು.
ನಾನೂ ಕೇಳಲಿಲ್ಲ.

ಕರೆಂಟು ಬಿಲ್ಲಿನಲ್ಲಿ ಒಂದು ಚಿಟಿಕೆ ಬೀಜ ಮಡಿಸಿ
"ನಿಮ್ದೇ ಅಲ್ವಾ, ನಮ್ ಮನೇಲಿತ್ತು ಅಷ್ಟೆ" ಅಂದರು ಆಕೆ.
ಸಾರಿಗೆ ಬೆರಳದ್ದಿ ನೆಕ್ಕಿ,
"ಉಪ್ಪು ಕಮ್ಮಿ. ಇವ್ರು ಮಾಡಿದ್ದಾ?"

ಮನೆಗೆ ಬಂದು ಪೊಟ್ಟಣದ ಮೇಲೆ ಹೆಸರು ಬರೆಯಲು ಕೂತೆ.
ಈರನಗೆರೆಯೋ, ಈರಂಗೆರೆಯೋ?
ಕೈ ತಡೆಯಿತು, ಹಳೇ ಚಾಳಿ.
"ಎರಡರಲ್ಲೂ ಮೊಳೆಯುತ್ತೆ, ಬರೀರಿ."
ಬರೆದೆ.

ಅವಳಿಗೆ ಹೇಳದ್ದು ಒಂದಿದೆ.
ಅದರಲ್ಲಿ ಐದು ಬೀಜ ಕದ್ದು
ಅಚ್ಚಿನಮನೆಯ ಹಳೇ ನಿಘಂಟಿನಲ್ಲಿ ಇಟ್ಟಿದ್ದೇನೆ,
'ಬ'ಕಾರದ ಪುಟದ ನಡುವೆ.
ಅಲ್ಲಿ ಇಲಿ ಕಾಟ ಬೇರೆ.
ದಿನಾ ಒಮ್ಮೆ ತೆರೆದು ಎಣಿಸುತ್ತೇನೆ.