ಲಾಟು ಚೀಟಿ

ಬೆಳಿಗ್ಗೆ ಷಟರ್ ಎತ್ತಿ ಕಂಪ್ಯೂಟರ್ ಹಾಕಿದರೆ
ಬ್ರಷ್ಷುಗಳ ಸಾಲಿನ ಪಕ್ಕ ಹೊಸದೊಂದು ಗುಂಡಿ:
ನಿಮ್ಮ ಚಿತ್ರವನ್ನು ಟೋಕನ್ ಮಾಡಿ.
ರಾತ್ರಿ ನಾನು ಮಲಗಿದ್ದಾಗ ತಾನೇ ಬಂದು ಕೂತಿದೆ,
ಹೇಳದೆ ಒಳಬಂದ ನೆಂಟನ ಹಾಗೆ, ಚಪ್ಪಲಿ ಸಮೇತ.

ಈ ಬ್ರಷ್ಷುಗಳಿಗೆ ತಿಂಗಳ ಬಾಡಿಗೆ ಕಟ್ಟುತ್ತೇನೆ.
ಮೂರು ವರ್ಷದಿಂದ ಒಂದೇ ಅರ್ಜಿ:
ಕನ್ನಡದ ಒತ್ತಕ್ಷರ ಒಡೆಯುತ್ತದೆ, ಸರಿಮಾಡಿ.
ಶಿಡ್ಲಘಟ್ಟ ಅಂತ ಬರೆದರೆ
ಕೊನೆಯ ಒತ್ತು ಕಳಚಿ ಪಕ್ಕಕ್ಕೆ ಬೀಳುತ್ತದೆ,
ಟೆಂಪೋದಿಂದ ಉದುರಿದ ಗೂಡಿನಂತೆ.
ಅದಕ್ಕೆ ಅವರಿಗೆ ಪುರುಸೊತ್ತಿಲ್ಲ.

ಟೀ ಹೊತ್ತಿಗೆ ಬಂದ ಚೌಡಪ್ಪ ಮೇಸ್ತ್ರಿ ಇಣುಕಿ ನೋಡಿದ.
ಗೋಡೆಗೆ ಸಿಮೆಂಟು, ಬೀಡಿ, ಎತ್ತಿನ ಜೋಡಿ ಬರೆದವನು,
ಮೂಲೆಯಲ್ಲಿ ಸಣ್ಣಗೆ 'ಚೌಡ' ಅಂತ ಹಾಕುತ್ತಿದ್ದವನು.
ಸುಣ್ಣ ಹೊಡೆದಾಗ ಮೊದಲು ಹೋಗುತ್ತಿದ್ದದ್ದು ಅದೇ.

ಏನಮ್ಮಾ ಅದು ಟೋಕನ್ನು?

ಗೂಡಿನ ಮಾರ್ಕೆಟ್ಟು ಗೊತ್ತಲ್ಲ ಮೇಸ್ತ್ರಿ,
ರಾಶಿ ರಾಶಿ ಗೂಡು, ರಾಶಿಗೊಂದು ಲಾಟು ಚೀಟಿ.
ಇಲ್ಲಿ ಹರಾಜಾಗೋದು ಚೀಟಿ ಮಾತ್ರ.
ಗೂಡು ಅಲ್ಲೇ ಬಿದ್ದಿರುತ್ತೆ,
ಯಾರು ಬೇಕಾದರೂ ಬಾಚಿಕೊಂಡು ಹೋಗಬಹುದು.

ಚೀಟಿ ಕುದಿಸಿದರೆ ನೂಲು ಬರುತ್ತಾ?

ಇಲ್ಲ. ಇನ್ನೊಬ್ಬನಿಗೆ ಮಾರಬೇಕು.

ಅವನು ನಗಲಿಲ್ಲ. ಗ್ಲಾಸು ಕೆಳಗಿಟ್ಟು ಕೇಳಿದ:
ಎಷ್ಟಕ್ಕೆ ಹೋಗುತ್ತೆ?

ಮಧ್ಯಾಹ್ನ ಬಾಗೇಪಲ್ಲಿಯಿಂದ ಸುಗುಣಳ ಫೋನು.
ಅರ್ಧ ತೆಲುಗಲ್ಲಿ ಬೈದು ಅರ್ಧ ಕನ್ನಡದಲ್ಲಿ ಅತ್ತಳು.
ಬಾಡಿಗೆ ನಿಲ್ಲಿಸಿಬಿಟ್ಟೆ ಕಣೇ,
ಪೆನ್ಸಿಲ್ ಸಾಕು, ಪೆನ್ಸಿಲ್ ನನ್ನನ್ನು ಮಾರಲ್ಲ.
ಸಂಜೆಗೆ ಮತ್ತೆ ಫೋನು, ಮೆತ್ತಗೆ:
ಒಪ್ಪಿಕೊಂಡ ಮದುವೆ ಕಾರ್ಡು ಹನ್ನೊಂದಿವೆ,
ನಿನ್ನ ಪಾಸ್‌ವರ್ಡ್ ಕೊಡ್ತೀಯಾ?

ಚಿಂತಾಮಣಿಯ ಲೋಹಿತಾಶ್ವ ಮಾತ್ರ ಮಾಡೇಬಿಡೋಣ ಅಂದ.
ಮುದ್ರೆ ಒತ್ತಲು ಗ್ಯಾಸ್ ಅಂತ ಒಂದು ಖರ್ಚಂತೆ,
ಮನೆಯ ಸಿಲಿಂಡರಿಗೆ ಎತ್ತಿಟ್ಟ ದುಡ್ಡೇ ಹೋಯಿತು ಗ್ಯಾಸಿಗೆ.
ಕೈವಾರದ ಬಂಡೆ, ಮೇಲೊಂದು ಕೋತಿ. ಅವನದೇ ಚಿತ್ರ.
ಹಾಕಲು ಹೋದರೆ ಅದಾಗಲೇ ಅಲ್ಲಿದೆ,
ಅವನದೇ ಬಂಡೆ, ಅವನದೇ ಕೋತಿ,
ಮೂರು ತಿಂಗಳ ಹಿಂದಿನ ತಾರೀಖು, ಯಾವನದೋ ಹೆಸರು.
ಇನ್ನು ಎಂದೆಂದಿಗೂ ಅಳಿಸಲಾಗದಂತೆ.

ಅಮ್ಮಿಗೆ ಇದನ್ನೆಲ್ಲ ಹೇಳಲಿಲ್ಲ.
ಇಪ್ಪತ್ತೆಂಟು ವರ್ಷ ಕುದಿನೀರಲ್ಲಿ
ಎಳೆಯ ತುದಿ ಹುಡುಕಿದ ಬೆರಳು ಅವಳವು.
ರೇಷನ್ ಅಂಗಡಿಯ ಯಂತ್ರ ಅವನ್ನು ಬೆರಳೆಂದು ಒಪ್ಪುವುದಿಲ್ಲ.
ಒರೆಸಿ ಇಡಿ. ಒತ್ತಿ ಇಡಿ. ಇನ್ನೊಂದು ಇಡಿ.
ಹತ್ತೂ ಮುಗಿದ ಮೇಲೆ, ನಾಳೆ ಬನ್ನಿ.
ಅವಳು ತೆಗೆದ ನೂಲು ಯಾರ ಯಾರ ಮೈಮೇಲಿದೆಯೋ,
ಯಾವ ಸೆರಗಿನ ಮೂಲೆಯಲ್ಲೂ ಒಂದು ಸಣ್ಣ ಗುರುತಿಲ್ಲ.

ಆ ಕೈಗಳನ್ನು ಹತ್ತೊಂಬತ್ತು ಸಲ ಬರೆದಿದ್ದೇನೆ.
ಯಾರಿಗೂ ತೋರಿಸಿಲ್ಲ.

ಸುಳ್ಳು ಯಾಕೆ, ರಾತ್ರಿ ಆಸೆಯಾಯಿತು.
ಅಳಿಸಲಾಗದ ಹೆಸರು ಅಂದರೆ ಸುಮ್ಮನೆಯೇ?
ಗುಂಡಿ ಒತ್ತಿದೆ. ತೆರೆದ ಅರ್ಜಿ ಕೇಳಿತು:
ಸೃಷ್ಟಿಸಿದವರ ಹೆಸರು.
ನನ್ನದು ಹಾಕಲು ಕೈ ಬರಲಿಲ್ಲ.
ಜನ್ನತ್ ಬೀ ಅಂತ ಬರೆದೆ.

ಒತ್ತು ಕಳಚಿ ಪಕ್ಕಕ್ಕೆ ಬಿತ್ತು.

ಎಷ್ಟೋ ಹೊತ್ತು ನೋಡುತ್ತಾ ಕೂತೆ
ಆ ಒಂಟಿ ಅಕ್ಷರವನ್ನು.
ನಾನು ಎತ್ತಿ ಸೇರಿಸಬಲ್ಲೆ, ದಿನವೂ ಅದೇ ಕೆಲಸ.
ಅಲ್ಲಿ ಆದರೆ ಎತ್ತಲು ಬಿಡುವುದಿಲ್ಲ,
ಬಿದ್ದದ್ದು ಬಿದ್ದ ಹಾಗೇ ಶಾಶ್ವತ.

ಅರ್ಜಿ ಮುಚ್ಚಿದೆ.
ಬೆಳಿಗ್ಗೆ ಹತ್ತಕ್ಕೆ ಕೊಡಬೇಕಾದ ಫ್ಲೆಕ್ಸು ಬಾಕಿಯಿತ್ತು:
ನಾಮಕರಣ, ಆರಡಿ ನಾಲ್ಕಡಿ, ತೊಟ್ಟಿಲು, ನವಿಲು.
ಮಗುವಿನ ಹೆಸರು ಅವರಿನ್ನೂ ತಿಳಿಸಿಲ್ಲ.
ಜಾಗ ಬಿಟ್ಟಿದ್ದೇನೆ.